ಬೆಂಗಳೂರಿನಲ್ಲಿ ‘ಕೈರೋಪ್ರಾಕ್ಟಿಕ್ ಪದವಿ’ಗೆ ದುಡ್ಡು ಕಟ್ಟುವ ಮುನ್ನ

ಪಿಯುಸಿ ಫಲಿತಾಂಶ ಬಂತೆಂದರೆ ‘ನೀಟ್ ಬೇಡ, ಡಾಕ್ಟರ್ ಆಗಿ’ ಎನ್ನುವ ಜಾಹೀರಾತುಗಳು ಫೋನಿನ ತುಂಬ. ಅವುಗಳಲ್ಲಿ ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸಿ ನೋವಿಗೆ ಚಿಕಿತ್ಸೆ ಕೊಡುವ ಪದ್ಧತಿಯ ಪದವಿಯೂ ಒಂದು. ಬೆಂಗಳೂರಿನಲ್ಲೇ ಓದಿ, ವಿದೇಶಿ ವಿಶ್ವವಿದ್ಯಾಲಯದ ಡಿಗ್ರಿ ಪಡೆಯಿರಿ, ಕೊನೆಯ ವರ್ಷ ಆಸ್ಟ್ರೇಲಿಯಾದಲ್ಲಿ ಮುಗಿಸಿ ಎಂದು ಹೇಳಿಕೊಳ್ಳುವ ಸಂಸ್ಥೆಯೊಂದರಲ್ಲಿ ನಾನು ಎರಡು ವರ್ಷ ಓದಿದೆ. ಕೈಗೆ ಸಿಕ್ಕಿದ್ದು ಎಲ್ಲಿಯೂ ನಡೆಯದ ಎರಡು ಅಂಕಪಟ್ಟಿ. ಮೊನ್ನೆ ನಮ್ಮ ತಿಪಟೂರಿನ ಕಡೆಯ ಒಬ್ಬರು, ಮಗಳನ್ನು ಅದೇ ಕೋರ್ಸಿಗೆ ಸೇರಿಸಬಹುದಾ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನು ಎಲ್ಲರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಇದು. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆ ಕೌನ್ಸಿಲ್ ಇಲ್ಲ, ನೋಂದಣಿ ಇಲ್ಲ. ಎಂಬಿಬಿಎಸ್ ಮುಗಿಸಿದವರು ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಬರೆಸುತ್ತಾರೆ, ಆಯುರ್ವೇದದವರಿಗೆ ಅವರದೇ ಮಂಡಳಿ ಇದೆ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಆಪ್ಟೊಮೆಟ್ರಿಯಂಥ ವೃತ್ತಿಗಳಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಕಾಯ್ದೆ ತಂದು ರಾಷ್ಟ್ರೀಯ ಆಯೋಗ ಮಾಡಿತು. ಆ ಕಾಯ್ದೆಯ ಕೊನೆಯಲ್ಲಿ ವೃತ್ತಿಗಳ ಉದ್ದನೆಯ ಪಟ್ಟಿಯಿದೆ. ಅದರಲ್ಲಿ ಕೈರೋಪ್ರಾಕ್ಟಿಕ್ ಇಲ್ಲ. ಅಂದರೆ ಇಲ್ಲಿ ನಾಲ್ಕು ವರ್ಷ ಓದಿ ಮುಗಿಸಿದರೂ ನಿಮ್ಮ ಹೆಸರು ಸೇರುವ ರಿಜಿಸ್ಟರ್ ಒಂದೂ ಇಲ್ಲ. ಡಿಗ್ರಿ ಕೊಡುವ ವಿಷಯಕ್ಕೆ ಬಂದರೆ 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ತುಂಬಾ ಸ್ಪಷ್ಟ: ಕಾಯ್ದೆಯ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಪದವಿ ಕೊಡಬಹುದು. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇಲ್ಲಿನವರು ಫ್ರಾಂಚೈಸಿ ಮಾಡಿಕೊಂಡು ಕೊಡುವ ಡಿಗ್ರಿಗೆ ಮಾನ್ಯತೆ ಇಲ್ಲವೆಂದೂ ಯುಜಿಸಿ ಪ್ರಕಟಣೆ ಕೊಟ್ಟಿದೆ.

ನಮ್ಮ ಅಡ್ಮಿಷನ್ ಕೌನ್ಸೆಲರ್ ಇದನ್ನೆಲ್ಲ ಒಂದೇ ವಾಕ್ಯದಲ್ಲಿ ದಾಟಿಸಿದರು. “ಇಂಡಿಯಾದಲ್ಲಿ ಇದು ಹೊಸ ಫೀಲ್ಡ್ ಸರ್, ಅದಕ್ಕೇ ರೂಲ್ಸ್ ಇನ್ನೂ ಬಂದಿಲ್ಲ, ಬರುವಷ್ಟರಲ್ಲಿ ನಿಮ್ಮ ಮಗು ಸೀನಿಯರ್ ಆಗಿರುತ್ತೆ.” ಅಪ್ಪ ತಲೆಯಾಡಿಸಿದರು. ಆ ವರ್ಷ ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕಿತ್ತು, ಆ ದುಡ್ಡೇ ಮೊದಲ ವರ್ಷದ ಫೀಸಾಗಿ ಹೋಯಿತು. ಗೋಡೆಯ ಮೇಲೆ ಚಿನ್ನದ ಅಂಚಿನ ಅಫಿಲಿಯೇಷನ್ ಪತ್ರ ತೂಗುಹಾಕಿದ್ದರು. ಅದರಲ್ಲಿದ್ದ ವಿದೇಶಿ ‘ವಿಶ್ವವಿದ್ಯಾಲಯ’ವನ್ನು ಅದರ ದೇಶದ ಯಾವ ಕೈರೋಪ್ರಾಕ್ಟಿಕ್ ಮಾನ್ಯತಾ ಮಂಡಳಿಯ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಕೈರೋಪ್ರಾಕ್ಟಿಕ್ ಎಂಬ ವಿದ್ಯೆಯನ್ನೇ ನಾನು ಸುಳ್ಳೆನ್ನುತ್ತಿಲ್ಲ, ಇದನ್ನು ಗಮನಿಸಿ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಶುರು ಮಾಡಿದ ಪದ್ಧತಿ ಇದು. ಅವರ ಆರಂಭದ ಸಿದ್ಧಾಂತಗಳಲ್ಲಿ ಬಹಳಷ್ಟನ್ನು ವಿಜ್ಞಾನ ಒಪ್ಪುವುದಿಲ್ಲ. ಆದರೂ ಇಂದು ಹಲವು ದೇಶಗಳಲ್ಲಿ ಸೊಂಟನೋವು, ಕುತ್ತಿಗೆನೋವಿಗೆ ಚಿಕಿತ್ಸೆ ಕೊಡುವ, ಕಾನೂನಿನ ಹಿಡಿತದೊಳಗಿನ ವೃತ್ತಿ ಅದು. ಬ್ರಿಟನ್ನಿನಲ್ಲಿ 1994ರ ಕಾಯ್ದೆಯ ಪ್ರಕಾರ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಕೈರೋಪ್ರಾಕ್ಟರ್ ಎಂದು ಕರೆದುಕೊಳ್ಳುವುದೇ ಅಪರಾಧ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಪದವಿ ಮುಗಿಸಿ, ಅದರ ಮೇಲೆ ಎರಡು ವರ್ಷದ ಮಾಸ್ಟರ್ಸ್ ಮಾಡಿದ ಮೇಲೆಯೇ ನೋಂದಣಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಮಾರ್ಗಸೂಚಿ ಪೂರ್ಣ ಶಿಕ್ಷಣಕ್ಕೆ ಕನಿಷ್ಠ 4200 ಗಂಟೆ ಪಾಠ ಹೇಳುತ್ತದೆ, ಅದರಲ್ಲಿ ಕನಿಷ್ಠ 1000 ಗಂಟೆ ಮೇಲ್ವಿಚಾರಕರ ಕಣ್ಣೆದುರು ರೋಗಿಗಳನ್ನು ನೋಡುವ ತರಬೇತಿ. ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಅಡ್ಮಿಷನ್ ಮೇಜಿನ ಮುಂದೆ ಕೇಳಿ. ಯಾವ ಆಸ್ಪತ್ರೆಯಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ 1000 ಗಂಟೆ ಎಂದು ಕೇಳಿ.

ನಮ್ಮಲ್ಲಿ ಆಸ್ಪತ್ರೆಯೇ ಇರಲಿಲ್ಲ. ರಿಂಗ್ ರಸ್ತೆಯ ಪಕ್ಕದ ಕಟ್ಟಡವೊಂದರ ಎರಡನೇ ಮಹಡಿ, ಕೆಳಗೆ ಟೈಲ್ಸ್ ಅಂಗಡಿ. ಅಂಗರಚನಾಶಾಸ್ತ್ರವನ್ನು ಒಂದು ಪ್ಲಾಸ್ಟಿಕ್ ಅಸ್ಥಿಪಂಜರ ಮತ್ತು ಪ್ರೊಜೆಕ್ಟರ್ ಮೇಲೆ ಮುಗಿಸಿದರು. ಶವಚ್ಛೇದನ ಕಾಣಲಿಲ್ಲ. ಎಕ್ಸ್‌ರೇ ಓದಲು ಕಲಿಸಲು ರೇಡಿಯಾಲಜಿ ಬಲ್ಲವರು ಒಬ್ಬರೂ ಬರಲಿಲ್ಲ. ಎರಡನೇ ವರ್ಷ ನೇರವಾಗಿ ‘ಅಡ್ಜಸ್ಟ್‌ಮೆಂಟ್’ (ಕೀಲನ್ನು ಕೈಯಿಂದ ತಟ್ಟನೆ ಒತ್ತುವ, ತಿರುಗಿಸುವ ಕ್ರಿಯೆ) ಪ್ರಾಕ್ಟಿಕಲ್, ಅದೂ ನಾವು ನಾವೇ ಒಬ್ಬರ ಮೇಲೊಬ್ಬರು. ಬೆನ್ನು, ಸೊಂಟ ಆಯಿತು. ಆಮೇಲೆ ಕುತ್ತಿಗೆ. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕಡೆಗೆ ವಾಲಿಸಿ, ತಟ್ಟನೆ ತಿರುಗಿಸುವುದು. ನೆಟಿಗೆ ಸದ್ದು ಬಂದರೆ ಮೂಳೆ ಜಾಗಕ್ಕೆ ಕೂತಿತು ಎಂದರು. ಅದು ಸುಳ್ಳು. ಆ ಸದ್ದು ಕೀಲಿನೊಳಗಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಗುಳ್ಳೆ ಉಂಟಾಗುವಾಗ ಬರುವಂಥದ್ದು. ಬೆರಳಿನ ನೆಟಿಗೆಯದೂ ಅದೇ.

ಕುತ್ತಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ದುಡ್ಡಿಗಿಂತ ಹೆಚ್ಚು ಸಿಟ್ಟು ಇರುವುದು ಇದರ ಮೇಲೆ. ಕತ್ತಿನ ಕಶೇರುಕಗಳ ರಂಧ್ರಗಳ ಮೂಲಕ ಎರಡೂ ಬದಿಯಲ್ಲಿ ಒಂದೊಂದು ರಕ್ತನಾಳ ಮೆದುಳಿನ ಹಿಂಭಾಗಕ್ಕೆ ಹೋಗುತ್ತದೆ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದ ನಂತರ ಆ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪ, ಆದರೆ ಇವೆ. 2024ರಲ್ಲಿ ಬಳ್ಳಾರಿಯಲ್ಲಿ ಸಲೂನಿನಲ್ಲಿ ಕುತ್ತಿಗೆ ತಿರುಗಿಸಿಕೊಂಡ 30 ವರ್ಷದ ಯುವಕನಿಗೆ ಪಾರ್ಶ್ವವಾಯು ಆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಸರಿಯಾದ ಕಾಲೇಜಿನಲ್ಲಿ ಹೀಗೆ ತಿರುಗಿಸುವ ಮೊದಲು ಯಾರಿಗೆ ಮಾಡಲೇಬಾರದು ಎಂಬುದನ್ನು ಕಲಿಸುತ್ತಾರೆ: ಮೂಳೆ ಟೊಳ್ಳಾಗಿ ಬಲ ಕಳೆದುಕೊಂಡವರು (ಆಸ್ಟಿಯೊಪೊರೋಸಿಸ್), ಮೂಳೆ ಮುರಿದಿರಬಹುದಾದವರು, ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿರುವವರು, ರುಮಟಾಯ್ಡ್ ಸಂಧಿವಾತದಿಂದ ಮೇಲಿನ ಎರಡು ಕತ್ತಿನ ಮೂಳೆಗಳು ಸಡಿಲವಾದವರು, ಹಿಂದೆಂದೂ ಇಲ್ಲದಂಥ ಕುತ್ತಿಗೆನೋವು ತಲೆನೋವು ಈಗಷ್ಟೇ ಶುರುವಾದವರು. ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ದರೆ ಆ ರೋಗಿಯನ್ನು ಕೈಯಿಂದ ಮುಟ್ಟದೆ ಆ ಕ್ಷಣವೇ ಆಸ್ಪತ್ರೆಗೆ ಕಳಿಸಬೇಕು. ಇದ್ಯಾವುದನ್ನೂ ನಮ್ಮ ಸಂಸ್ಥೆಯಲ್ಲಿ ಯಾರೂ ಹೇಳಲಿಲ್ಲ. ಫಿಸಿಯೋಥೆರಪಿ ಓದುತ್ತಿದ್ದ ಗೆಳತಿಯ ಪುಸ್ತಕ ನೋಡಿ ತಿಳಿದುಕೊಂಡೆ.

ನನ್ನ ಸಹಪಾಠಿಯೊಬ್ಬಳಿಗೆ ಕುತ್ತಿಗೆಯ ಅಭ್ಯಾಸ ಮಾಡಿಸಿದ ದಿನ ತಲೆಸುತ್ತು ಬಂದು ವಾಂತಿಯಾಯಿತು. ‘ಟಾಕ್ಸಿನ್ ಹೊರಗೆ ಹೋಗ್ತಿದೆ, ನೀರು ಕುಡಿ’ ಎಂದರು ಪಾಠ ಮಾಡುತ್ತಿದ್ದವರು. ಅವಳಿಗೆ ಏನೂ ಆಗಲಿಲ್ಲ, ದೇವರ ದಯೆ. ಆದರೆ ಹಾಗಾದಾಗ ನೀರು ಕುಡಿಸಿ ಕೂರಿಸುವುದಲ್ಲ. ತಲೆಸುತ್ತು, ಎರಡೆರಡು ಕಾಣಿಸುವುದು, ಮಾತು ತೊದಲುವುದು, ನಡೆಯುವಾಗ ಒಂದು ಕಡೆಗೆ ವಾಲುವುದು, ಇಂಥದ್ದು ಕಂಡರೆ ಸ್ಟ್ರೋಕ್ ಚಿಕಿತ್ಸೆ ಇರುವ ಆಸ್ಪತ್ರೆಗೆ ತಕ್ಷಣ ಓಡಬೇಕು. ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಅವಕಾಶ.

ಆ ವಾರವೇ ನಾವು ಕೆಲವರು ಸೇರಿ ವಿದೇಶದ ನಿಜವಾದ ಕಾಲೇಜುಗಳಿಗೆ ಪತ್ರ ಬರೆದೆವು. ಉತ್ತರ ಕೊಟ್ಟವರೆಲ್ಲ ಹೇಳಿದ್ದು ಒಂದೇ: ನಿಮ್ಮ ಸಂಸ್ಥೆಯೊಂದಿಗೆ ನಮಗೆ ಒಪ್ಪಂದ ಇಲ್ಲ, ಅಲ್ಲಿನ ಓದಿಗೆ ಒಂದು ಕ್ರೆಡಿಟ್ಟೂ ಸಿಗದು, ಬರುವುದಾದರೆ ಮೊದಲ ವರ್ಷದಿಂದ ಬನ್ನಿ. ಇಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಎರಡನೇ ವರ್ಷಕ್ಕಾದರೂ ಸೇರಿಸಿಕೊಳ್ಳುತ್ತಾರಾ ಎಂದು ವಿಚಾರಿಸಿದರೆ ಅದೂ ಇಲ್ಲ.

ಬಿಟ್ಟು ಹೋಗುತ್ತೇವೆ ಎಂದಾಗ ಇನ್ನೊಂದು ಬಾಗಿಲು ಮುಚ್ಚಿತು. ಎಸ್ಸೆಸ್ಸೆಲ್ಸಿ, ಪಿಯುಸಿಯ ಮೂಲ ಅಂಕಪಟ್ಟಿಗಳು ಅವರ ಬೀರುವಿನಲ್ಲಿದ್ದವು. ಉಳಿದ ವರ್ಷಗಳ ಫೀಸೂ ಕಟ್ಟಿದರೆ ಮಾತ್ರ ವಾಪಸ್ ಎಂದರು. ಕಾಲೇಜುಗಳು ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲಿ ಆದೇಶ ಹೊರಡಿಸಿದೆ, ಆದರೆ ಯುಜಿಸಿಯ ವ್ಯಾಪ್ತಿಗೇ ಬಾರದ ಸಂಸ್ಥೆಗೆ ಆ ಆದೇಶ ತೋರಿಸಿ ಏನು ಪ್ರಯೋಜನ? ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟ ಮೇಲೆ ಅಂಕಪಟ್ಟಿ ಬಂತು. ದುಡ್ಡು ಬರಲಿಲ್ಲ.

ಬೆನ್ನು, ಕೀಲುಗಳ ಚಿಕಿತ್ಸೆ ಕಲಿಯುವ ಆಸೆ ನಿಜವಾಗಿಯೂ ಇದ್ದರೆ ನಮ್ಮ ರಾಜ್ಯದಲ್ಲೇ ದಾರಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಬಿಪಿಟಿ ಇದೆ. ಕೀಲುಗಳನ್ನು ಕೈಯಿಂದ ಸಡಿಲಿಸುವ ಮ್ಯಾನ್ಯುಯಲ್ ಥೆರಪಿಯನ್ನು ಅಲ್ಲಿ ರೋಗಿಗಳ ನಡುವೆಯೇ ಕಲಿಯುತ್ತೀರಿ. ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಪದವಿಯೂ ಇದೆ. ಕಾಲೇಜಿನ ಹೆಸರು ವಿಶ್ವವಿದ್ಯಾಲಯದ ಜಾಲತಾಣದ ಪಟ್ಟಿಯಲ್ಲಿ ಇದೆಯೇ ಎಂದು ನೀವೇ ನೋಡಿ, ಅವರು ತೋರಿಸಿದ ಕಾಗದದಲ್ಲಿ ಅಲ್ಲ. ಕೈರೋಪ್ರಾಕ್ಟರೇ ಆಗಬೇಕೆಂದಿದ್ದರೆ ಓದಲು ಹೋಗುವ ದೇಶದ ಮಾನ್ಯತಾ ಮಂಡಳಿಯ ಪಟ್ಟಿಯಲ್ಲಿರುವ ಕಾಲೇಜಿಗೆ ನೇರವಾಗಿ ಅರ್ಜಿ ಹಾಕಿ, ಮಧ್ಯವರ್ತಿ ಬೇಡ. ಓದಿ ಊರಿಗೆ ಮರಳಿದರೆ ಇಲ್ಲಿ ನೋಂದಣಿ ಇಲ್ಲ ಎಂಬುದನ್ನೂ ಮನೆಯವರ ಜೊತೆ ಕೂತು ಮಾತಾಡಿಕೊಂಡೇ ಹೋಗಿ.

ಈಗಾಗಲೇ ಇಂಥ ಕಡೆ ಸೇರಿರುವವರು ಜಗಳಕ್ಕಿಳಿಯುವ ಮೊದಲು ಮೂಲ ಅಂಕಪಟ್ಟಿಗಳನ್ನು ಲಿಖಿತವಾಗಿ ಕೇಳಿ, ಕೇಳಿದ ಪತ್ರದ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಫೀಸಿನ ರಸೀದಿ, ವಾಟ್ಸ್ಆ್ಯಪ್ ಮಾತುಕತೆ, ಜಾಹೀರಾತಿನ ಚಿತ್ರ ಯಾವುದನ್ನೂ ಅಳಿಸಬೇಡಿ. ಡಿಜಿಲಾಕರ್‌ನಲ್ಲಿ ನಿಮ್ಮ ಅಂಕಪಟ್ಟಿ ಇದೆಯೇ ಇವತ್ತೇ ನೋಡಿಕೊಳ್ಳಿ. ಅಲ್ಲಿಂದ ಹೊರಬರುವವರೆಗೆ ಕುತ್ತಿಗೆಯ ಪ್ರಾಕ್ಟಿಕಲ್‌ಗೆ ಯಾರ ಕೈಗೂ ನಿಮ್ಮ ತಲೆ ಕೊಡಬೇಡಿ, ಇನ್ನೊಬ್ಬರ ತಲೆಯನ್ನು ನೀವೂ ಹಿಡಿಯಬೇಡಿ. ಇಂಟರ್ನಲ್ ಅಂಕ ಕಡಿಮೆ ಮಾಡುತ್ತೇವೆ ಎಂದು ಹೆದರಿಸುತ್ತಾರೆ, ನಮ್ಮನ್ನೂ ಹೆದರಿಸಿದ್ದರು. ಆ ಅಂಕಗಳನ್ನು ಯಾವ ವಿಶ್ವವಿದ್ಯಾಲಯವೂ ಕೇಳುವುದಿಲ್ಲ.