ಒಂಟಿಗೈ ಗೇಮಿಂಗ್ ಕೀಪ್ಯಾಡ್: ಎರಡು ಮಳೆಗಾಲ ದಾಟಿದ ಮೇಲೆ

ಒಂಟಿಗೈ ಕೀಪ್ಯಾಡ್ (ಆಟಕ್ಕೆಂದು ಒಂದೇ ಕೈಯಲ್ಲಿ ಬಳಸುವ ಅರ್ಧ ಕೀಬೋರ್ಡಿನಂಥದ್ದು) ತಗೊಳ್ಳಬೇಕೆಂದಿರುವವರು ಮೊದಲು ಕೇಳುವುದು ‘ಎಷ್ಟು ಕೀ ಇದೆ’ ಅಂತ. ಮಲೆನಾಡಿನಲ್ಲಿ ಕೂತು ಕೊಳ್ಳುವವರಿಗೆ ಅದು ಮೂರನೇ ಪ್ರಶ್ನೆ. ಮೊದಲು ನೋಡಬೇಕಾದ್ದು ಕೀ ಅಡಿಯ ಸ್ವಿಚ್ಚು ಯಾವ ಬಗೆಯದು ಎಂದು, ಆಮೇಲೆ ಕೇಬಲ್ ಕಳಚಿ ಬೇರೆಯದು ಹಾಕಲು ಬರುತ್ತದೆಯೇ ಎಂದು. ದಿನಾ ಬಳಸುತ್ತ ಎರಡು ಮಳೆಗಾಲ ಕಳೆದ ಮೇಲೆ ಪ್ರಶ್ನೆಗಳ ಸರದಿ ಹೀಗೆ ಬದಲಾಗಿದೆ.

ಕೀಗಳ ಲೆಕ್ಕ ಬೇಗ ಮುಗಿಸಿಬಿಡೋಣ. ಗುಂಡು ಹಾರಿಸುವ ಆಟ ವ್ಯಾಲೊರಂಟ್ ತಗೊಳ್ಳಿ. ಓಡಾಟಕ್ಕೆ ಡಬ್ಲ್ಯು-ಎ-ಎಸ್-ಡಿ ನಾಲ್ಕು. ಶಿಫ್ಟ್, ಕಂಟ್ರೋಲ್, ಸ್ಪೇಸ್ ಮೂರು. ಆರ್, ಎಫ್, ಜಿ ಮೂರು. ಎಬಿಲಿಟಿಗಳಿಗೆ, ಅಂದರೆ ಪಾತ್ರದ ವಿಶೇಷ ಶಕ್ತಿಗಳಿಗೆ, ಸಿ, ಕ್ಯು, ಇ, ಎಕ್ಸ್ ನಾಲ್ಕು. 1ರಿಂದ 4ರವರೆಗೆ ಇನ್ನು ನಾಲ್ಕು. ಟ್ಯಾಬ್ ಮತ್ತು ಬಿ. ಒಟ್ಟು 20. ರೇಜರ್ ಟಾರ್ಟರಸ್ ವಿ2ರಲ್ಲಿ ಹೆಬ್ಬೆರಳಿನ ಎಂಟು ದಿಕ್ಕಿನ ಪ್ಯಾಡು, ಚಕ್ರ ಎಲ್ಲ ಸೇರಿ 32 ಇವೆ. ರೆಡ್ರ್ಯಾಗನ್ ಕೆ585ರಲ್ಲಿ 42. ಎರಡರಲ್ಲೂ ಸಾಕಾಗಿ ಮಿಗುತ್ತದೆ. ಮಿಗದೇ ಇರುವುದು ಮೇಜಿನ ಜಾಗ. ಪಾಸ್‌ವರ್ಡ್ ಹಾಕಲು, ಚಾಟ್‌ನಲ್ಲಿ ಒಂದು ಸಾಲು ಬರೆಯಲು ದೊಡ್ಡ ಕೀಬೋರ್ಡ್ ಬೇಕೇ ಬೇಕು. ಅದನ್ನು ಮಾನಿಟರಿನ ಬುಡಕ್ಕೆ ತಳ್ಳಬಹುದೇ ಹೊರತು ಎತ್ತಿಡಲು ಆಗುವುದಿಲ್ಲ. ಜಾಗ ಉಳಿಸಲೆಂದು ಕೊಳ್ಳುವವರು ಇಲ್ಲೇ ನಿಲ್ಲಬಹುದು. ಅದೇ ದುಡ್ಡಿಗೆ 61 ಕೀಯ ಚಿಕ್ಕ ಕೀಬೋರ್ಡ್ ಸಿಗುತ್ತದೆ, ಸ್ವಲ್ಪ ಓರೆ ಮಾಡಿಟ್ಟುಕೊಂಡರೆ ಮೌಸಿಗೆ ಧಾರಾಳ ಜಾಗ.

ನಿಜವಾದ ಲಾಭ ಇರುವುದು ಮಣಿಕಟ್ಟಿಗೆ. ಅಂಗೈ ಒಂದು ದಿಂಬಿನ ಮೇಲೆ ಕೂರುತ್ತದೆ, ಬೆರಳುಗಳು ಬಾಗುವುದು ಬಿಟ್ಟರೆ ಕೈ ಅಲ್ಲಾಡುವುದಿಲ್ಲ. ಮಾಮೂಲಿ ಕೀಬೋರ್ಡಿನಲ್ಲಿ ಶಿಫ್ಟ್, ಕಂಟ್ರೋಲ್ ಎರಡೂ ಕಿರುಬೆರಳಿನ ತಲೆಗೇ ಬೀಳುತ್ತವೆ, ಹೆಬ್ಬೆರಳಿಗೆ ಸ್ಪೇಸ್ ಒಂದೇ ಕೆಲಸ. ಇದರಲ್ಲಿ ಮಾಡಬೇಕಾದ ಮೊದಲ ಬದಲಾವಣೆಯೂ ಅದೇ: ಕ್ರೌಚ್ (ಕೂರುವುದು) ಮತ್ತು ನಡಿಗೆಯನ್ನು ಹೆಬ್ಬೆರಳಿನ ಪ್ಯಾಡಿಗೆ ತನ್ನಿ. ಮಿಕ್ಕಿದ್ದನ್ನು ಮೂರು ವಾರ ಮುಟ್ಟಬೇಡಿ. ಮೊದಲ ಹತ್ತು ದಿನ ಗುರಿ ಕೆಡುತ್ತದೆ, ಗ್ರೆನೇಡ್ ಎಸೆಯುವ ಕಡೆ ಬಂದೂಕು ಬದಲಾಗುತ್ತದೆ. ಆ ಸಿಟ್ಟಿನಲ್ಲಿ ದಿನಕ್ಕೊಂದು ಲೇಔಟ್ (ಯಾವ ಕೀಗೆ ಯಾವ ಕೆಲಸ ಎಂಬ ಹಂಚಿಕೆ) ಮಾಡಿದರೆ ಕೈಗೆ ಯಾವುದೂ ಹತ್ತುವುದಿಲ್ಲ. ಇನ್ನೊಂದು ಮಾತು, ಮೇಲೆ ಹೇಳಿದ ಎರಡೂ ಎಡಗೈಗೆಂದೇ ಮಾಡಿದವು. ಎಡಗೈಯಲ್ಲಿ ಮೌಸ್ ಹಿಡಿಯುವವರಿಗೆ ಉಪಯೋಗವಿಲ್ಲ.

ಈಗ ಮಳೆಗೆ ಬರೋಣ. ಶಿವಮೊಗ್ಗ ಪೇಟೆಯಲ್ಲಿ ಅಂಥ ತೊಂದರೆ ಕಾಣದು. ತೀರ್ಥಹಳ್ಳಿ, ಹೊಸನಗರದ ಹಂಚಿನ ಮನೆಯ ಕಥೆಯೇ ಬೇರೆ, ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆ ಸುತ್ತಿನದಂತೂ ಕೇಳುವುದೇ ಬೇಡ. ಪುನರ್ವಸು, ಪುಷ್ಯ ಮಳೆ ಹಿಡಿದು ಹೊಡೆಯುವಾಗ ಗೋಡೆಗೆ ಹತ್ತುವ ಬೂಷ್ಟು ಅಂಗೈ ದಿಂಬಿಗೂ ಹತ್ತುತ್ತದೆ. ಅದನ್ನು ಒರೆಸಿದರೆ ಹೋಯಿತು. ಒರೆಸಿ ಹೋಗದ ಕಾಯಿಲೆ ಚ್ಯಾಟರ್: ಒಮ್ಮೆ ಒತ್ತಿದರೆ ಎರಡು ಸಲ ಬೀಳುವುದು. ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್ಚಿನೊಳಗೆ ಎರಡು ಲೋಹದ ಎಲೆಗಳು ತಾಗಬೇಕು. ತೇವ ಮತ್ತು ದೂಳು ಸೇರಿ ಅವುಗಳ ಮೇಲೆ ಸಣ್ಣ ಪೊರೆ ಕಟ್ಟಿದರೆ ತಾಗಿದ್ದು ಬಿಟ್ಟು ಮತ್ತೆ ತಾಗುತ್ತದೆ. ಪ್ಯಾಡಿನ ಒಳಗೇ ಇರುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಇಂಥ ಅದುರನ್ನು ಕೆಲವೇ ಮಿಲಿಸೆಕೆಂಡು ಸಹಿಸುತ್ತದೆ (ಕ್ಯೂಎಂಕೆ ಎಂಬ ಫರ್ಮ್‌ವೇರಿನಲ್ಲಿ ಮೊದಲೇ ಇಟ್ಟಿರುವುದು 5). ಅದಕ್ಕಿಂತ ಹೆಚ್ಚಾದರೆ ಎರಡನೇ ಒತ್ತು ಎಂದೇ ಎಣಿಸುತ್ತದೆ. ಟಾಗಲ್ ಕ್ರೌಚ್ (ಒಮ್ಮೆ ಒತ್ತಿದರೆ ಕೂರುವುದು, ಮತ್ತೆ ಒತ್ತಿದರೆ ಏಳುವುದು) ಇಟ್ಟುಕೊಂಡವರು ಕೂತ ಕ್ಷಣವೇ ಎದ್ದು ನಿಂತು ತಲೆಗೆ ಗುಂಡು ತಿನ್ನುವುದು ಹೀಗೆ.

ಮೊದಲು ಕೆಡುವುದು ಅಪರೂಪಕ್ಕೆ ಒತ್ತುವ ಮೂಲೆಯ ಕೀಗಳು. ದಿನಾ ಉಜ್ಜಾಡುವ ಡಬ್ಲ್ಯು ತನ್ನ ಎಲೆಗಳನ್ನು ತಾನೇ ತಿಕ್ಕಿಕೊಂಡು ಸ್ವಚ್ಛವಾಗಿರುತ್ತದೆ. ರಿಪೇರಿಗೆ ಕೇಬಲನ್ನು ಕಂಪ್ಯೂಟರಿನಿಂದ ತೆಗೆದು, ಕೀಕ್ಯಾಪ್ ಕಿತ್ತು, ಸ್ವಿಚ್ಚಿನ ಕಾಂಡವನ್ನು ಅರ್ಧ ಒತ್ತಿ ಹಿಡಿದು, 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡೇ ಹನಿ ಬಿಡಿ. ಐವತ್ತು ಸಲ ಒತ್ತಿ, ಒಂದು ಗಂಟೆ ಒಣಗಲು ಬಿಡಿ. ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆಯೆಂದು ಅದನ್ನು ಹಾಕಲು ಹೋಗಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಸ್ವಿಚ್ಚು ಅಂಟಂಟಾಗುತ್ತದೆ. ಎರಡು ಸಲ ಮಾಡಿಯೂ ಸರಿಹೋಗದಿದ್ದರೆ ಸ್ವಿಚ್ಚೇ ಬದಲಿಸಬೇಕು. ಹಾಟ್‌ಸ್ವಾಪ್ (ಬೆಸುಗೆಯಿಲ್ಲದೆ ಸ್ವಿಚ್ಚು ಬದಲಿಸುವ ಸೌಲಭ್ಯ) ಇದ್ದರೆ ಚಿಮಟದಲ್ಲಿ ಕಿತ್ತು ಹೊಸದು ಒತ್ತಿದರಾಯಿತು. ಇಲ್ಲದಿದ್ದರೆ ಎರಡು ಬೆಸುಗೆ ಬಿಚ್ಚಬೇಕು, ಅದು ಮೊಬೈಲ್ ರಿಪೇರಿಯವರಿಗೂ ಗೊತ್ತಿರುವ ಕೆಲಸ.

ಹೀಗಾಗಿ ಘಟ್ಟದ ಸೆರಗಿನಲ್ಲಿರುವವರು ಹೆಚ್ಚು ದುಡ್ಡು ಕೊಡಬೇಕೆಂದಿದ್ದರೆ ಬಣ್ಣದ ದೀಪಕ್ಕೆ ಕೊಡಬೇಡಿ, ಆಪ್ಟಿಕಲ್ ಸ್ವಿಚ್ಚಿಗೆ ಕೊಡಿ. ಅದು ಬೆಳಕಿನ ಕಿರಣದಿಂದ ಒತ್ತನ್ನು ಗುರುತಿಸುತ್ತದೆ, ತುಕ್ಕು ಹಿಡಿಯಲು ಒಳಗೆ ಲೋಹದ ತಾಗು ಇಲ್ಲ. ಟಾರ್ಟರಸ್ ಪ್ರೊದಲ್ಲಿ ಇರುವುದು ಇದೇ ಬಗೆ. ಎಷ್ಟು ಆಳಕ್ಕೆ ಒತ್ತಿದರೆ ಬೀಳಬೇಕೆಂಬುದನ್ನೂ 1.5ರಿಂದ 3.6 ಮಿ.ಮೀ. ನಡುವೆ ಹೊಂದಿಸಬಹುದು.

ಬಳಸದ ದಿನಗಳಲ್ಲಿ ಹಪ್ಪಳದ ಡಬ್ಬದ ಉಪಾಯವೇ ಇಲ್ಲೂ ನಡೆಯುತ್ತದೆ. ಬಿಗಿ ಮುಚ್ಚಳದ ಐದು ಲೀಟರಿನ ಡಬ್ಬ, ಒಳಗೆ ಬಟ್ಟೆಯಲ್ಲಿ ಕಟ್ಟಿದ 100 ಗ್ರಾಂ ತೇವ ಹೀರುವ ನೀಲಿ ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿಯಾಗುವವರೆಗೆ ಬಿಸಿ ಮಾಡಿ. ಅಡಿಕೆ ಸುಲಿಯುವ ಕಾಲದಲ್ಲಿ ಚೊಗರು ಹತ್ತಿದ ಬೆರಳಲ್ಲಿ ಆಡಲು ಕೂತರೆ ತಿಳಿಬಣ್ಣದ ಕೀಕ್ಯಾಪ್ ಕಂದಾಗುತ್ತದೆ. ಕಪ್ಪೇ ವಾಸಿ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ಲೇಔಟ್ ಪ್ಯಾಡಿನ ಒಳಗೇ ಉಳಿಯುತ್ತದೋ ಅಥವಾ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಸದಾ ಓಡುತ್ತಿರಬೇಕೋ ಎಂದು ಕೊಳ್ಳುವ ಮೊದಲೇ ನೋಡಿ. ಗೇಮಿಂಗ್ ಸೆಂಟರಿಗೆ ಹೊತ್ತುಕೊಂಡು ಹೋಗುವವರಿಗೆ ಒಳಗೆ ಉಳಿಯುವುದೇ ಬೇಕು. ಫರ್ಮ್‌ವೇರ್ ಅಪ್‌ಡೇಟನ್ನು ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲೇ ಮಾಡಿ, ನಡುವೆ ಕರೆಂಟು ಹೋದರೆ ಪ್ಯಾಡು ಏಳದೇ ಹೋಗಬಹುದು.

ನುಡಿ, ಬರಹ ಬಳಸುವವರು ಒಂದು ಸಂಗತಿ ತಿಳಿದಿರಬೇಕು. ಪ್ಯಾಡು ಕಳಿಸುವುದು ಅಕ್ಷರವನ್ನಲ್ಲ, ಕೀಯ ಸಂಖ್ಯೆಯನ್ನು. ಕನ್ನಡ ಆನ್ ಇದ್ದಾಗ ಕೆ ಒತ್ತುವ ಮ್ಯಾಕ್ರೊ (ಒಂದು ಕೀಗೆ ಕಟ್ಟಿದ ಒತ್ತುಗಳ ಸರಣಿ) ‘ಕ’ ಮೂಡಿಸುತ್ತದೆ. ಆದ್ದರಿಂದ ಆಟ ರೆಕಾರ್ಡ್ ಮಾಡುವ ಒಬಿಎಸ್‌ನಂಥ ಪ್ರೋಗ್ರಾಂಗಳಲ್ಲಿ ಶಾರ್ಟ್‌ಕಟ್‌ಗಳಿಗೆ ಎಫ್13ರಿಂದ ಎಫ್24ರವರೆಗಿನ ಕೀಗಳನ್ನು ಕೊಡಿ. ವಿಂಡೋಸಿಗೆ ಅವು ಗೊತ್ತು, ಮಾಮೂಲಿ ಕೀಬೋರ್ಡಿನಲ್ಲಿ ಅವು ಇಲ್ಲ, ಹಾಗಾಗಿ ಯಾವುದರ ಜತೆಗೂ ಜಗಳವಿಲ್ಲ.

ಮ್ಯಾಕ್ರೊ ಇಟ್ಟು ಗೆಲ್ಲುತ್ತೇನೆಂಬ ಆಸೆ ಇದ್ದರೆ ಬಿಡಿ. ಒಂದೇ ಒತ್ತಿನಲ್ಲಿ ಹಲವು ಚಲನೆ ಮಾಡಿಸುವ ಬೈಂಡ್‌ಗಳನ್ನೂ ಸ್ನ್ಯಾಪ್ ಟ್ಯಾಪ್ (ಎದುರು ದಿಕ್ಕಿನ ಎರಡು ಕೀ ಒತ್ತಿದ್ದಾಗ ಕೊನೆಯದನ್ನಷ್ಟೇ ಎಣಿಸುವುದು) ಬಗೆಯ ಹಾರ್ಡ್‌ವೇರ್ ನೆರವನ್ನೂ ಕೌಂಟರ್-ಸ್ಟ್ರೈಕ್ 2ರ ಅಧಿಕೃತ ಸರ್ವರುಗಳಲ್ಲಿ ಅದರ ತಯಾರಕ ವಾಲ್ವ್ 2024ರ ಆಗಸ್ಟಿನಲ್ಲೇ ನಿಷೇಧಿಸಿದೆ. ಒಂದು ಕೀಗೆ ಒಂದು ಕೆಲಸ ಇಟ್ಟುಕೊಂಡರೆ ತಲೆಬಿಸಿ ಇಲ್ಲ.

‘ಕಡಿಮೆ ದುಡ್ಡಿನ ಯುಎಸ್‌ಬಿ ನಂಬರ್ ಪ್ಯಾಡಿಗೆ ಆಟೊಹಾಟ್‌ಕೀ (ಕೀಗಳ ಕೆಲಸ ಬದಲಿಸುವ ಪ್ರೋಗ್ರಾಂ) ಹಾಕಿದರೆ ಸಾಲದೆ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಲದು. ಒತ್ತಿದ್ದು ಆ ಪ್ಯಾಡಿನ 5ನ್ನೋ ಕೀಬೋರ್ಡಿನ ನಂಬರ್ ಭಾಗದ 5ನ್ನೋ ಎಂದು ಆಟೊಹಾಟ್‌ಕೀಗೆ ತಾನಾಗಿ ಗೊತ್ತಾಗುವುದಿಲ್ಲ. ಬೇರ್ಪಡಿಸಲು ಇಂಟರ್‌ಸೆಪ್ಷನ್ ಎಂಬ ಡ್ರೈವರ್ ಬೇಕು, ಆಟಗಳಲ್ಲಿ ಮೋಸ ಹಿಡಿಯುವ ಆ್ಯಂಟಿ-ಚೀಟ್ ಇಂಥವನ್ನು ಅನುಮಾನದಿಂದಲೇ ನೋಡುತ್ತದೆ.

ಕೇಬಲ್ ಮಾತು ಉಳಿಯಿತು. ಕೆ585ರಲ್ಲಿ ಟೈಪ್-ಸಿ, ಕಳಚಬಹುದು. ಟಾರ್ಟರಸ್‌ನದು ಒಳಗೇ ಸೇರಿಕೊಂಡ ಕೇಬಲ್. ಇಲಿ ಕಡಿದರೆ ಟೈಪ್-ಸಿಯದನ್ನು ಶಿವಮೊಗ್ಗದ ದುರ್ಗಿಗುಡಿಯ ಯಾವುದಾದರೂ ಮೊಬೈಲ್ ಅಂಗಡಿಯಲ್ಲಿ ತರಬಹುದು. ಡೇಟಾ ಕೇಬಲ್ಲೇ ಎಂದು ಖಾತ್ರಿ ಮಾಡಿಕೊಳ್ಳಿ, ಬರೀ ಚಾರ್ಜಿಂಗಿನದು ಹಾಕಿದರೆ ದೀಪ ಉರಿಯುತ್ತದೆ, ಕೀ ಬೀಳುವುದಿಲ್ಲ. ಒಳಗೇ ಸೇರಿದ್ದಾದರೆ ಪ್ಯಾಡು ಬಿಚ್ಚಿ ನಾಲ್ಕು ತಂತಿ ಬೆಸೆಯಬೇಕು.

ಸೆಕೆಂಡ್ ಹ್ಯಾಂಡಿನಲ್ಲಿ ಲಾಜಿಟೆಕ್ ಜಿ13 ಎಂಬ ಕೀಪ್ಯಾಡ್ ಕಂಡರೆ ಅದರ ಹೆಬ್ಬೆರಳಿನ ಜಾಯ್‌ಸ್ಟಿಕ್ಕಿಗಾಗಿ ಮನಸ್ಸಾಗುತ್ತದೆ. ಅದು 2009ರದ್ದು, ತಯಾರಿ ನಿಂತು ಹೋಗಿದೆ. ದುಡ್ಡು ಕೊಡುವ ಮೊದಲು ಲ್ಯಾಪ್‌ಟಾಪಿಗೆ ಹಾಕಿ, ಕೀ ಟೆಸ್ಟರ್ ತೆರೆದು, ಮೂಲೆಯ ಕೀಗಳಿಂದ ಶುರುಮಾಡಿ ಪ್ರತಿಯೊಂದನ್ನೂ 20 ಸಲ ಒತ್ತಿ ಎಣಿಸಿ. 21 ಬಿದ್ದರೆ ವಾಪಸ್ ಕೊಟ್ಟುಬಿಡಿ.