ಟಿಎಲ್‌ಡಿ ಬ್ಯಾಡ್ಜ್ ಸೇವೆ ಮತ್ತು ಬೆರಳಿನ ಉಂಗುರ: ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಿಂದ ಒಂದು ವಿಮರ್ಶೆ

ವಿಕಿರಣಶೀಲ ಮದ್ದು ಕೊಟ್ಟು ರೋಗ ಪತ್ತೆ ಮತ್ತು ಚಿಕಿತ್ಸೆ ಮಾಡುವ, ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುವವರು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ (ಥರ್ಮೋಲ್ಯೂಮಿನೆಸೆಂಟ್ ಡೋಸಿಮೀಟರ್, ಮೈಗೆ ಬಿದ್ದ ವಿಕಿರಣವನ್ನು ಅಳೆಯುವ ಸಾಧನ) ನಾವು ಅಂಗಡಿಯಲ್ಲಿ ಆರಿಸಿ ಕೊಳ್ಳುವ ವಸ್ತುವಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ವಿಕಿರಣದ ನಡುವೆ ದುಡಿಯುವವರಿಗೆ ಅದನ್ನು ಕಡ್ಡಾಯ ಮಾಡಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಮಾನ್ಯತೆ ಪಡೆದ ಪ್ರಯೋಗಾಲಯಗಳು ಮೂರು ತಿಂಗಳಿಗೊಮ್ಮೆ ಹೊಸ ಕಾರ್ಡುಗಳನ್ನು ಕಳಿಸಿ, ಹಳೆಯವನ್ನು ವಾಪಸು ಪಡೆದು, ಪ್ರತಿಯೊಬ್ಬರಿಗೂ ಬಿದ್ದ ಡೋಸ್, ಅಂದರೆ ವಿಕಿರಣದ ಪ್ರಮಾಣ, ಎಷ್ಟೆಂದು ವರದಿ ಕೊಡುತ್ತವೆ. ಕಡ್ಡಾಯವೆಂಬ ಕಾರಣಕ್ಕೇ ಇರಬೇಕು, ಈ ಸೇವೆಯ ಗುಣದೋಷಗಳನ್ನು ಯಾರೂ ಬಾಯಿಬಿಟ್ಟು ಚರ್ಚಿಸುವುದಿಲ್ಲ. ಎಕ್ಸ್-ರೇ ಕೋಣೆಗೆ ಸಾಲುವ ವ್ಯವಸ್ಥೆ ವಿಕಿರಣಶೀಲ ಮದ್ದು ಸಿದ್ಧಪಡಿಸುವ ನಮ್ಮ ಹಾಟ್ ಲ್ಯಾಬಿಗೂ ಸಾಲುತ್ತದೆಯೇ ಎಂಬುದು ನನ್ನ ಮುಖ್ಯ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎದೆಯ ಬ್ಯಾಡ್ಜ್ ನಂಬಿಕೆಗೆ ಅರ್ಹವಾದ ಸಾಧನ, ಆದರೆ ಕೈಯಲ್ಲಿ ಸಿರಿಂಜ್ ಹಿಡಿಯುವವರ ಮಟ್ಟಿಗೆ ಅದು ಅರ್ಧ ಲೆಕ್ಕವನ್ನಷ್ಟೇ ಕೊಡುತ್ತದೆ, ಉಳಿದರ್ಧಕ್ಕೆ ಬೆರಳಿನ ಉಂಗುರ, ಅಂದರೆ ಬೆರಳಿಗೆ ತೊಡುವ ಇಂಥದೇ ಅಳತೆಯ ಸಾಧನ, ಬೇಕೇ ಬೇಕು.

ಬ್ಯಾಡ್ಜಿನ ರಚನೆ ಸರಳವಾಗಿದ್ದರೂ ಜಾಣತನದ್ದು. ಧರಿಸುವವರು ಅದನ್ನು ಬಿಚ್ಚುವಂತಿಲ್ಲ, ಆದರೆ ತರಬೇತಿಯಲ್ಲಿ ತೋರಿಸುವ ಮಾದರಿಯನ್ನು ಕೈಗೆತ್ತಿಕೊಂಡರೆ ಒಳಗಡೆ ನಿಕ್ಕಲ್ ಲೇಪಿಸಿದ ಅಲ್ಯೂಮಿನಿಯಂ ತಗಡು, ಅದರಲ್ಲಿ ಮೂರು ತೂತು, ಒಂದೊಂದು ತೂತಿನ ಮೇಲೂ ಒಂದೊಂದು ಬಿಳಿಯ ಬಿಲ್ಲೆ ಕಾಣುತ್ತದೆ. ಬಿಲ್ಲೆಯ ವ್ಯಾಸ 13.3 ಮಿ.ಮೀ., ದಪ್ಪ 0.8 ಮಿ.ಮೀ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನ್ ಜೊತೆ ಸೇರಿಸಿ ಅವನ್ನು ತಯಾರಿಸುತ್ತಾರೆ. ಕಾರ್ಡನ್ನು ತಲೆಕೆಳಗಾಗಿ ತೂರಿಸಲು ಆಗದಂತೆ ಒಂದು ಮೂಲೆಯನ್ನು ಕತ್ತರಿಸಿರುತ್ತಾರೆ. ಹೊರಗಿನ ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಮೊದಲ ಬಿಲ್ಲೆಯ ಎದುರು ತಾಮ್ರ ಮತ್ತು ಅಲ್ಯೂಮಿನಿಯಂನ ಫಿಲ್ಟರ್, ಎರಡನೆಯದರ ಎದುರು ಪ್ಲಾಸ್ಟಿಕ್ ಇರುತ್ತದೆ. ಮೂರನೆಯದರ ಎದುರು ಏನೂ ಇಲ್ಲ, ತೆರೆದ ಕಿಂಡಿ. ಕ್ಯಾಲ್ಸಿಯಂ ಸಲ್ಫೇಟ್ ಕಡಿಮೆ ಶಕ್ತಿಯ ಎಕ್ಸ್-ಕಿರಣಗಳಿಗೆ ಅವುಗಳ ನಿಜವಾದ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಪಂದಿಸುತ್ತದೆ. ಆದ್ದರಿಂದ ಒಂದೇ ಬಿಲ್ಲೆಯ ಓದನ್ನು ನಂಬುವ ಬದಲು ಮೂರರ ಅನುಪಾತವನ್ನು ನೋಡಿ, ಬಿದ್ದದ್ದು ಯಾವ ಬಗೆಯ ವಿಕಿರಣ ಎಂದು ಮೊದಲು ತಿಳಿದು, ಆಮೇಲೆ ಡೋಸ್ ಲೆಕ್ಕ ಹಾಕುತ್ತಾರೆ.

ವಿಕಿರಣ ತಾಗಿದಾಗ ಬಿಲ್ಲೆಯ ಹರಳುಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಕೊಂಡು ಕೂರುತ್ತವೆ. ಪ್ರಯೋಗಾಲಯದಲ್ಲಿ ಬಿಸಿ ನೈಟ್ರೋಜನ್ ಅನಿಲದಿಂದ ಬಿಲ್ಲೆಯನ್ನು ಕಾಯಿಸಿದಾಗ ಅವು ಬಿಡುಗಡೆಯಾಗಿ, ಡೋಸಿಗೆ ತಕ್ಕಷ್ಟು ಬೆಳಕು ಹೊಮ್ಮುತ್ತದೆ. ತಿಂಗಳುಗಟ್ಟಲೆ ಇಟ್ಟರೂ ಈ ಸಂಕೇತ ಅಷ್ಟಾಗಿ ಮಾಸುವುದಿಲ್ಲ. ಮೂರು ತಿಂಗಳ ಅವಧಿ ಇಟ್ಟುಕೊಳ್ಳಲು ಸಾಧ್ಯವಾಗಿರುವುದು ಇದರಿಂದಲೇ. ಆದರೆ ಒಮ್ಮೆ ಕಾಯಿಸಿ ಓದಿದ ಮೇಲೆ ದಾಖಲೆ ಅಳಿಸಿಹೋಗುತ್ತದೆ, ಎರಡನೇ ಸಲ ಓದಲು ಏನೂ ಉಳಿದಿರುವುದಿಲ್ಲ. ಕಾರ್ಡನ್ನು ಜೋಪಾನವಾಗಿ ಇಡಿ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ ಎಂದು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ.

ಸೇವೆಯ ವಿಷಯಕ್ಕೆ ಬಂದರೆ, ಅದರ ದೊಡ್ಡ ಬಲ ಅಳತೆಯ ನಿಖರತೆಗಿಂತಲೂ ದಾಖಲೆಯ ನಿರಂತರತೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪ್ರತಿಯೊಬ್ಬರಿಗೂ ಒಂದು ವೈಯಕ್ತಿಕ ಸಂಖ್ಯೆ ಇರುತ್ತದೆ. ಡೋಸ್ ವಿವರಗಳೆಲ್ಲ ಆ ಸಂಖ್ಯೆಯಡಿ ರಾಷ್ಟ್ರೀಯ ಡೋಸ್ ನೋಂದಣಿಯಲ್ಲಿ ಸೇರುತ್ತಾ ಹೋಗುತ್ತವೆ. ನಮ್ಮ ದೇಶದಲ್ಲಿ ಸತತ ಐದು ವರ್ಷಗಳಿಗೆ ಒಟ್ಟು 100 ಮಿಲಿಸೀವರ್ಟ್ (ಡೋಸನ್ನು ಅಳೆಯುವ ಮಾನ), ಯಾವುದೇ ಒಂದು ವರ್ಷಕ್ಕೆ 30 ಮಿಲಿಸೀವರ್ಟ್ ಎಂಬ ಮಿತಿ ಇರುವುದರಿಂದ, ಐದು ವರ್ಷಗಳ ಲೆಕ್ಕವನ್ನು ಯಾರಾದರೂ ಒಂದು ಕಡೆ ಇಡಲೇಬೇಕು. ನಮ್ಮ ಕೆಲಸದಲ್ಲಿ ಎದೆಯ ಬ್ಯಾಡ್ಜ್ ತೋರಿಸುವುದು ಸಾಮಾನ್ಯವಾಗಿ ಮಿತಿಗಿಂತ ಎಷ್ಟೋ ಕೆಳಗೆ. ಅದು ಸಮಾಧಾನದ ಸಂಗತಿ.

ದೊಡ್ಡ ದೌರ್ಬಲ್ಯವೆಂದರೆ ತಡ. ಮೂರು ತಿಂಗಳು ಧರಿಸಿ, ಕಾರ್ಡುಗಳನ್ನೆಲ್ಲ ಕಲೆಹಾಕಿ, ಕೊರಿಯರ್ ಮಾಡಿ, ಓದಿಸಿ, ವರದಿ ಕೈಸೇರುವ ಹೊತ್ತಿಗೆ ಮೊದಲ ದಿನದ ಡೋಸ್ ಹಳೆಯ ಮಾತಾಗಿರುತ್ತದೆ. ಹಿಂದೆ ನಾವು ಸೇವೆ ಪಡೆಯುತ್ತಿದ್ದ ಒಂದು ಪ್ರಯೋಗಾಲಯದ ವರದಿ ಎಷ್ಟು ತಡವಾಗುತ್ತಿತ್ತೆಂದರೆ, ಮುಂದಿನ ತ್ರೈಮಾಸಿಕದ ಕಾರ್ಡುಗಳನ್ನು ಹಿಂದಿರುಗಿಸಿದ ಮೇಲೆ ಅದರ ಹಿಂದಿನದರ ವರದಿ ಬಂದದ್ದೂ ಉಂಟು. ಒಬ್ಬರ ಅಂಕಿ ಏರಿದ್ದರೆ ಕಾರಣ ಹುಡುಕುವುದು ಹೇಗೆ? ಆ ದಿನಗಳಲ್ಲಿ ಅವರು ಯಾವ ಕೆಲಸದಲ್ಲಿದ್ದರು, ಎಷ್ಟು ರೋಗಿಗಳಿಗೆ ಇಂಜೆಕ್ಷನ್ ಕೊಟ್ಟರು ಎಂಬುದು ಅವರಿಗೇ ನೆನಪಿರುವುದಿಲ್ಲ.

ಗರ್ಭಿಣಿಯರ ವಿಷಯದಲ್ಲಿ ಈ ತಡ ಕೇವಲ ಅನಾನುಕೂಲವಲ್ಲ, ನಿಜವಾದ ಕೊರತೆ. ಗರ್ಭ ಧರಿಸಿರುವುದನ್ನು ಸಿಬ್ಬಂದಿ ತಿಳಿಸಿದ ಮೇಲೆ ಉಳಿದ ಅವಧಿಯಲ್ಲಿ ಭ್ರೂಣಕ್ಕೆ ಬೀಳುವ ಡೋಸ್ 1 ಮಿಲಿಸೀವರ್ಟ್ ಮೀರಬಾರದು. ಈಗ ಲೆಕ್ಕ ನೋಡಿ. ಪೆಟ್-ಸಿಟಿ ಸ್ಕ್ಯಾನಿಗಾಗಿ 10 ಮಿಲಿಕ್ಯೂರಿ (ವಿಕಿರಣಶೀಲತೆಯ ಮಾನ) ಪ್ರಮಾಣದ, ಫ್ಲೋರಿನ್-18 ಎಂಬ ವಿಕಿರಣಶೀಲ ವಸ್ತು ಸೇರಿಸಿದ ಸಕ್ಕರೆಯಂಥ ಮದ್ದಾದ ಎಫ್‌ಡಿಜಿ ಪಡೆದ ರೋಗಿಯಿಂದ 1 ಮೀಟರ್ ದೂರದಲ್ಲಿ, ಇಂಜೆಕ್ಷನ್ ಆದ ಕೂಡಲೇ, ಗಂಟೆಗೆ ಸುಮಾರು 30 ಮೈಕ್ರೋಸೀವರ್ಟ್ ಇರುತ್ತದೆ. ವಯಸ್ಸಾದ ರೋಗಿಯ ತೋಳು ಹಿಡಿದು ಮಂಚಕ್ಕೆ ಹತ್ತಿಸುವಾಗ ನಡುವೆ ಒಂದು ಮೀಟರ್ ದೂರವೂ ಇರುವುದಿಲ್ಲ. 1 ಮಿಲಿಸೀವರ್ಟ್ ಎಂದರೆ 1000 ಮೈಕ್ರೋಸೀವರ್ಟ್. ದಿನಕ್ಕೆ ಹತ್ತು ಮೈಕ್ರೋಸೀವರ್ಟಿನಂತೆ ಕೂಡಿದರೂ ನೂರು ಕೆಲಸದ ದಿನಗಳಲ್ಲಿ ಮಿತಿ ಮುಟ್ಟಿಬಿಡುತ್ತದೆ. ಮೂರು ತಿಂಗಳ ನಂತರದ ವರದಿಯಿಂದ ಇಲ್ಲಿ ಪ್ರಯೋಜನ ಕಡಿಮೆ. ಅಂಥವರಿಗೆ ಡೋಸನ್ನು ಆ ಕ್ಷಣವೇ ಪರದೆಯ ಮೇಲೆ ತೋರಿಸುವ ಪಾಕೆಟ್ ಡೋಸಿಮೀಟರನ್ನು ಸೊಂಟದ ಮಟ್ಟದಲ್ಲಿ ಧರಿಸಲು ಕೊಟ್ಟು, ದಿನದ ಕೊನೆಯಲ್ಲಿ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಸುವುದು ಸರಿಯಾದ ದಾರಿ. ಹಾಟ್ ಲ್ಯಾಬ್ ಮತ್ತು ಇಂಜೆಕ್ಷನ್ ಕೆಲಸದಿಂದ ಅವರನ್ನು ಬಿಡಿಸಿ ಬೇರೆ ಕೆಲಸ ಹಂಚಿಕೊಡುವುದು ಅದಕ್ಕಿಂತಲೂ ಮೊದಲು ಆಗಬೇಕಾದದ್ದು. ಪಾಕೆಟ್ ಡೋಸಿಮೀಟರ್ ಕೊಳ್ಳುವಾಗ ಈ ಫ್ಲೋರಿನ್-18ರ ಕಿರಣಗಳ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಅದರ ಓದು ಸರಿಯಿದೆಯೇ ಎಂದು ಕೇಳಿ ತಿಳಿಯಬೇಕು, ಕ್ಯಾಲಿಬ್ರೇಷನ್ ಪತ್ರವನ್ನೂ ಪಡೆಯಬೇಕು.

ಇನ್ನು ಬೆರಳಿನ ವಿಷಯ. ಕಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದರು: “ಸರ್, ನನ್ನ ಬ್ಯಾಡ್ಜಿನಲ್ಲಿ ಪ್ರತಿ ಸಲವೂ ಸೊನ್ನೆ ಅಂತಲೇ ಬರುತ್ತೆ. ಮತ್ತೆ ಈ ಉಂಗುರ ಯಾಕೆ?” ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಅವರು ಕೂತು ಕೆಲಸ ಮಾಡುವ ಎಲ್-ಬೆಂಚಿನಲ್ಲೇ, ಅಂದರೆ ಸೀಸದ ತಡೆಯಿರುವ ಮೇಜಿನಲ್ಲೇ, ಇದೆ. ಸೀಸದ ಇಟ್ಟಿಗೆ ಮತ್ತು ಸೀಸದ ಗಾಜು ಎದೆ, ಹೊಟ್ಟೆ, ಮುಖವನ್ನು ಕಾಯುತ್ತವೆ. ಆದರೆ ವಯಲಿನಿಂದ ಮದ್ದು ಎಳೆಯುವ ಎರಡು ಕೈಗಳೂ ಆ ಗಾಜಿನ ಆಚೆ ಬದಿಯಲ್ಲಿರುತ್ತವೆ. ಬಲಗೈ ಪ್ಲಂಜರನ್ನು ಎಳೆಯುತ್ತಿದ್ದರೆ ಎಡಗೈಯ ತೋರುಬೆರಳು ಮತ್ತು ಹೆಬ್ಬೆರಳು ಸಿರಿಂಜಿನ ಮದ್ದು ತುಂಬಿದ ಭಾಗಕ್ಕೆ ಒತ್ತಿಕೊಂಡಿರುತ್ತವೆ. ಮೂಲಕ್ಕೂ ಚರ್ಮಕ್ಕೂ ನಡುವೆ ಇರುವುದು ಕೆಲವು ಮಿಲಿಮೀಟರ್. ದೂರ ಅರ್ಧವಾದರೆ ವಿಕಿರಣ ನಾಲ್ಕು ಪಟ್ಟಾಗುತ್ತದೆಂಬ ಪಾಠ ಎಲ್ಲರಿಗೂ ಬಾಯಿಪಾಠ. ಎದೆಯ ದೂರಕ್ಕೂ ಬೆರಳ ದೂರಕ್ಕೂ ಇರುವ ಅಂತರವನ್ನು ಆ ಪಾಠಕ್ಕೆ ಹಾಕಿ ನೋಡಿದರೆ ಬ್ಯಾಡ್ಜಿನ ಸೊನ್ನೆ ಬೆರಳಿನ ಸೊನ್ನೆಯಲ್ಲ ಎಂಬುದು ಗೊತ್ತಾಗುತ್ತದೆ.

ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ ಸಂಶೋಧನೆ ಯುರೋಪಿನಲ್ಲಿ 2008ರಿಂದ 2011ರವರೆಗೆ ನಡೆದ ಒರಾಮೆಡ್ ಯೋಜನೆ. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಟೆಕ್ನೆಷಿಯಂ-99ಎಂ ಮತ್ತು ಫ್ಲೋರಿನ್-18 ಎಂಬ ವಿಕಿರಣಶೀಲ ವಸ್ತುಗಳನ್ನು ಬಳಸುವ ಸಿಬ್ಬಂದಿಯ ಎರಡೂ ಕೈಗಳ ಬೇರೆ ಬೇರೆ ಜಾಗಗಳಲ್ಲಿ ಪುಟ್ಟ ಡೋಸಿಮೀಟರುಗಳನ್ನು ಅಂಟಿಸಿ, ಕೈಯ ಯಾವ ಭಾಗಕ್ಕೆ ಎಷ್ಟು ಬೀಳುತ್ತದೆಂದು ಅಳೆದರು. ಹೆಚ್ಚಿನವರಲ್ಲಿ ಅತಿ ಹೆಚ್ಚು ಡೋಸ್ ಬಿದ್ದದ್ದು ಕೆಲಸಕ್ಕೆ ಕಡಿಮೆ ಬಳಸುವ ಕೈಯ, ಅಂದರೆ ಬಲಗೈ ಬಳಸುವವರಿಗೆ ಎಡಗೈಯ, ತೋರುಬೆರಳಿನ ತುದಿಗೆ. ಉಂಗುರವನ್ನು ತುದಿಯಲ್ಲಿ ಧರಿಸಿ ಕೆಲಸ ಮಾಡಲಾಗದು. ಆದ್ದರಿಂದ ಅದೇ ತೋರುಬೆರಳಿನ ಬುಡದಲ್ಲಿ, ಅಳೆಯುವ ಬಿಲ್ಲೆ ಅಂಗೈ ಕಡೆಗೆ ಬರುವಂತೆ ಧರಿಸಿ, ಬಂದ ಓದನ್ನು ಆರರಿಂದ ಗುಣಿಸಿದರೆ ಅತಿ ಹೆಚ್ಚು ಡೋಸಿನ ಅಂದಾಜು ಸಿಗುತ್ತದೆ ಎಂದು ಅವರು ಸೂಚಿಸಿದರು. ಕೈಗೆ, ಚರ್ಮಕ್ಕೆ ವರ್ಷದ ಮಿತಿ 500 ಮಿಲಿಸೀವರ್ಟ್. ಉಂಗುರದಲ್ಲಿ ವರ್ಷಕ್ಕೆ 90 ಬಂದರೆ “ಮಿತಿಯ ಐದರಲ್ಲಿ ಒಂದು ಪಾಲೂ ಇಲ್ಲ” ಎಂದು ನಿರಾಳವಾಗುವ ಬದಲು, ಬೆರಳ ತುದಿ 540ರ ಆಸುಪಾಸಿನಲ್ಲಿರಬಹುದು ಎಂದು ಎಚ್ಚೆತ್ತುಕೊಳ್ಳಬೇಕಾಗುತ್ತದೆ. ಮಣಿಕಟ್ಟಿಗೆ ಕಟ್ಟುವ ಬ್ಯಾಡ್ಜ್ ಇದಕ್ಕಿಂತಲೂ ಕಡಿಮೆ ತೋರಿಸುತ್ತದೆ, ಆದ್ದರಿಂದ ಆಯ್ಕೆ ಇದ್ದರೆ ಉಂಗುರವನ್ನೇ ಕೇಳಿ ಪಡೆಯಿರಿ.

ಉಂಗುರದ ಬಳಕೆಯಲ್ಲಿ ಒಂದೆರಡು ಕಿರಿಕಿರಿಗಳಿವೆ. ಕೈಗವಸಿನ ಒಳಗೆ ಧರಿಸಬೇಕು, ಗವಸು ಬದಲಿಸುವಾಗ ಅದರ ಜೊತೆಗೇ ಜಾರಿ ಕಸದ ಬುಟ್ಟಿ ಸೇರುವ ಸಂಭವ ಇದೆ. ಅಳತೆ ಸರಿಯಿಲ್ಲದಿದ್ದರೆ ತಿರುಗಿ, ಬಿಲ್ಲೆ ಬೆರಳ ಹಿಂಬದಿಗೆ ಹೋಗುತ್ತದೆ. ಹಾಗಾದಾಗ ಓದು ಕಡಿಮೆ ಬರುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ. ಬೆರಳಿನ ಗಾತ್ರಕ್ಕೆ ಹೊಂದಿಸಿಕೊಳ್ಳಬಹುದಾದ ಉಂಗುರವೇ ಮೇಲು.

ಬ್ಯಾಡ್ಜಿಗೂ ಉಂಗುರಕ್ಕೂ ಸಮಾನವಾದ, ನಮ್ಮ ವಿಭಾಗಕ್ಕೆ ವಿಶೇಷವಾದ ಇನ್ನೊಂದು ತೊಂದರೆ ಇದೆ. ಎಕ್ಸ್-ರೇ ಕೋಣೆಯಲ್ಲಿ ಯಂತ್ರ ಆರಿಸಿದರೆ ವಿಕಿರಣ ನಿಂತಿತು. ಇಲ್ಲಿ ಮೂಲವೇ ದ್ರವ. ರೋಗಿಯ ರಕ್ತನಾಳಕ್ಕೆ ಹಾಕಿದ ಕ್ಯಾನುಲಾ ಕಳಚಿದಾಗ ಒಂದು ಹನಿ ಸಿಡಿದು ಬ್ಯಾಡ್ಜಿನ ಮೇಲೆ ಬಿದ್ದರೆ, ಆ ಹನಿಯ ಟೆಕ್ನೆಷಿಯಂ ಆರು ಗಂಟೆಗೊಮ್ಮೆ ಅರ್ಧವಾಗುತ್ತಾ ಮರುದಿನದ ಹೊತ್ತಿಗೆ ಬಹುತೇಕ ಇಲ್ಲವಾದರೂ, ಅದು ಬಿಲ್ಲೆಯಲ್ಲಿ ಬರೆದ ದಾಖಲೆ ಹಾಗೇ ಉಳಿಯುತ್ತದೆ. ತ್ರೈಮಾಸಿಕದ ಕೊನೆಗೆ ಅತಿ ಡೋಸ್ ಎಂದು ವರದಿ ಬರುತ್ತದೆ, ವಿಚಾರಣೆ ನಡೆಯುತ್ತದೆ, ಅಗತ್ಯವೆನಿಸಿದರೆ ರಕ್ತ ತೆಗೆದು ವರ್ಣತಂತುಗಳ ಪರೀಕ್ಷೆಯವರೆಗೂ ಹೋಗಬಹುದು. ದಿನದ ಕೊನೆಯಲ್ಲಿ ಕೈ, ಕೋಟು ಪರೀಕ್ಷಿಸುವಾಗಲೇ, ಮೇಲೆ ಅಂಟಿದ ವಿಕಿರಣಶೀಲ ವಸ್ತುವನ್ನು ಪತ್ತೆಹಚ್ಚುವ ಕಂಟಾಮಿನೇಷನ್ ಮಾನಿಟರನ್ನು ಬ್ಯಾಡ್ಜಿನ ಮುಂದೆಯೂ ಒಮ್ಮೆ ಹಿಡಿದರೆ, ಹನಿ ಬಿದ್ದ ದಿನವೇ ತಿಳಿದು ಲಿಖಿತವಾಗಿ ದಾಖಲಾಗುತ್ತದೆ.

ಅಳೆಯುವ ಸಾಧನ ಡೋಸನ್ನು ಇಳಿಸುವುದಿಲ್ಲ, ಆದ್ದರಿಂದ ಇಳಿಸುವ ಸಾಧನಗಳ ಬಗ್ಗೆಯೂ ಎರಡು ಮಾತು. ಟೆಕ್ನೆಷಿಯಂಗೆ 2 ಮಿ.ಮೀ. ಟಂಗ್‌ಸ್ಟನ್‌ನ ಸಿರಿಂಜ್ ಶೀಲ್ಡ್ (ಸಿರಿಂಜಿನ ಸುತ್ತ ತೊಡಿಸುವ ಕವಚ) ಅದ್ಭುತವಾಗಿ ಕೆಲಸ ಮಾಡುತ್ತದೆ. 140 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣಗಳಲ್ಲಿ ಶೇ. 99ಕ್ಕಿಂತ ಹೆಚ್ಚನ್ನು ತಡೆಯುತ್ತದೆ. ಫ್ಲೋರಿನ್-18ರ 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣಗಳ ಮುಂದೆ 5 ಮಿ.ಮೀ. ಟಂಗ್‌ಸ್ಟನ್ ಇಟ್ಟರೂ ತಡೆಯುವುದು ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ, ತೂಕವಂತೂ ಕೈ ಸೋಲಿಸುತ್ತದೆ. ಆದರೂ ಅದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. “ಶೀಲ್ಡ್ ಹಾಕಿದರೆ ನಿಧಾನವಾಗುತ್ತದೆ, ಬೇಗ ಮುಗಿಸಿದರೆ ಡೋಸ್ ಕಡಿಮೆ” ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಆದರೆ ಬರಿಯ ಸಿರಿಂಜನ್ನು ಎಷ್ಟು ಚುರುಕಾಗಿ ಹಿಡಿದರೂ ಬೆರಳು ಮದ್ದಿಗೆ ಒತ್ತಿಕೊಂಡೇ ಇರುತ್ತದೆಂಬುದನ್ನು, ವೇಗ ಶೀಲ್ಡಿಗೆ ಬದಲಿಯಾಗದೆಂಬುದನ್ನು ಒರಾಮೆಡ್ ಅಳತೆಗಳೂ ಎತ್ತಿಹಿಡಿದಿವೆ. ನೀರು ತುಂಬಿದ ಸಿರಿಂಜಿನಿಂದ ಅಭ್ಯಾಸ ಮಾಡಿಸಿದರೆ ಶೀಲ್ಡಿನ ಜೊತೆಗೂ ಕೈ ಪಳಗುತ್ತದೆ. 0.5 ಮಿ.ಮೀ. ಸೀಸದ ಏಪ್ರನ್ ಟೆಕ್ನೆಷಿಯಂ ಮಟ್ಟಿಗೆ ಸುಮಾರು ಮುಕ್ಕಾಲು ಪಾಲು ತಡೆಯುತ್ತದೆ. ಎಫ್‌ಡಿಜಿ ಪಡೆದ ರೋಗಿಯ ಹತ್ತಿರ ಅದರಿಂದ ಆಗುವ ಲಾಭ ಶೇ. 10ನ್ನೂ ಮುಟ್ಟುವುದಿಲ್ಲ, ಬೆನ್ನುನೋವು ಮಾತ್ರ ಖಾತ್ರಿ. ಪೆಟ್ ಕೋಣೆಯಲ್ಲಿ ಅದಕ್ಕಿಂತ ಎರಡು ಹೆಜ್ಜೆ ಹಿಂದೆ ನಿಲ್ಲುವುದು, ವಿವರಣೆಯನ್ನೆಲ್ಲ ಇಂಜೆಕ್ಷನ್ ಕೊಡುವ ಮೊದಲೇ ಹೇಳಿ ಮುಗಿಸುವುದು ಹೆಚ್ಚು ಫಲ ಕೊಡುತ್ತದೆ. ಏಪ್ರನ್ ತೊಟ್ಟಾಗ ಬ್ಯಾಡ್ಜ್ ಅದರ ಒಳಗಿರಬೇಕು.

ಈ ಸೇವೆ ಅಳೆಯದ ಒಂದು ಡೋಸ್ ಇದೆ, ಅದನ್ನು ತಿಳಿದಿರಬೇಕು. ಥೈರಾಯ್ಡ್ ಚಿಕಿತ್ಸೆಗೆ ಅಯೋಡಿನ್-131 ದ್ರವ ನಿಭಾಯಿಸುವವರು ಉಸಿರಿನಲ್ಲಿ ಒಳಗೆಳೆದುಕೊಂಡ ಅಯೋಡಿನ್ ಅವರದೇ ಥೈರಾಯ್ಡ್ ಗ್ರಂಥಿಯಲ್ಲಿ ಸೇರುತ್ತದೆ. ಎದೆಯ ಬ್ಯಾಡ್ಜ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುತ್ತಿಗೆಯ ಮುಂದೆ ಡಿಟೆಕ್ಟರ್ ಇಟ್ಟು ಎಣಿಸುವ ಪರೀಕ್ಷೆಯನ್ನು ವಿಭಾಗವೇ ಪ್ರತ್ಯೇಕವಾಗಿ ಏರ್ಪಡಿಸಬೇಕು.

ಹೊಸದಾಗಿ ಸೇವೆ ಪಡೆಯುವ ವಿಭಾಗಗಳು ಒಪ್ಪಂದಕ್ಕೆ ಮುನ್ನ ಪ್ರಯೋಗಾಲಯವನ್ನು ಮುಖ್ಯವಾಗಿ ಕೇಳಬೇಕಾದದ್ದು, ಕಾರ್ಡು ತಲುಪಿದ ಎಷ್ಟು ದಿನದೊಳಗೆ ವರದಿ ಕೊಡುತ್ತೀರಿ ಎಂಬುದನ್ನು. ಅದನ್ನು ಬರಹದಲ್ಲೇ ಪಡೆಯಿರಿ. ಕಂಟ್ರೋಲ್ ಕಾರ್ಡನ್ನು, ಅಂದರೆ ಯಾರೂ ಧರಿಸದೆ ಹೋಲಿಕೆಗೆಂದು ಇಡುವ ಕಾರ್ಡನ್ನು, ಹಾಟ್ ಲ್ಯಾಬಿನ ಹತ್ತಿರವೂ ಸುಳಿಯಗೊಡದೆ ಆಡಳಿತ ಕಚೇರಿಯ ಕಪಾಟಿನಲ್ಲಿಡಿ, ಏಕೆಂದರೆ ಉಳಿದೆಲ್ಲರ ಓದಿನಿಂದ ಅದರ ಓದನ್ನೇ ಕಳೆಯುತ್ತಾರೆ. ಅದಕ್ಕೆ ವಿಕಿರಣ ತಾಗಿದರೆ ಎಲ್ಲರ ಡೋಸೂ ಸುಳ್ಳೇ ಕಡಿಮೆಯಾಗಿ ಕಾಣುತ್ತದೆ. ಬೇರೆ ಆಸ್ಪತ್ರೆಯಿಂದ ಬಂದು ಸೇರುವವರು ತಮ್ಮ ಹಳೆಯ ವೈಯಕ್ತಿಕ ಸಂಖ್ಯೆಯನ್ನು ಮೊದಲ ದಿನವೇ ವಿಕಿರಣ ಸುರಕ್ಷತಾ ಅಧಿಕಾರಿಗೆ ಕೊಡಬೇಕು. ಹೊಸ ಸಂಖ್ಯೆ ಮಾಡಿಸಿಕೊಂಡರೆ ಹಿಂದಿನ ವರ್ಷಗಳ ಡೋಸ್ ಬೇರೊಬ್ಬರದೆಂಬಂತೆ ಪ್ರತ್ಯೇಕವಾಗಿ ಉಳಿದು, ಐದು ವರ್ಷಗಳ ಕೂಡಿಕೆ ತಪ್ಪಾಗುತ್ತದೆ.