ಸಿಂಗಾಪುರಕ್ಕೆ ಹೊರಟ ಹುಳಿಪುಡಿ: ದೇವರಾಜ ಮಾರುಕಟ್ಟೆ ಪಕ್ಕದ ಪ್ಯಾಕಿಂಗ್ ಅಂಗಡಿ

‘ಅಲ್ಲಿ ಸ್ವೆಟರ್ ಯಾವ ತಿಂಗಳು ತೆಗೀತೀರಪ್ಪಾ?’ ಅಂತ ಸಿಂಗಾಪುರ ಸೇರಿದವರ ಕಾಲೆಳೆಯೋದು ಮೈಸೂರಿನ ಗೆಳೆಯರಿಗೆ ಖುಷಿ. ಭೂಮಧ್ಯರೇಖೆಯಿಂದ ಬರೀ 1.3 ಡಿಗ್ರಿ ಉತ್ತರಕ್ಕಿರೋ ಊರು ಅದು. ಆಫೀಸಿನ ಏಸಿ ಬಿಟ್ಟರೆ ಸ್ವೆಟರಿಗೆ ಕೆಲಸವಿಲ್ಲ. ವರ್ಷಪೂರ್ತಿ ತೇವದ ಗಾಳಿ. ಮುಚ್ಚಳ ಸಡಿಲ ಬಿಟ್ಟ ಹುಳಿಪುಡಿ ಬೇಗ ಹೆಂಟೆ ಕಟ್ಟುತ್ತೆ.

ಅದಕ್ಕೇ ಈ ಪುಟ್ಟ ಅಂಗಡಿಯ ವ್ಯಾಕ್ಯೂಮ್ ಪ್ಯಾಕಿಂಗ್, ಅಂದರೆ ಕವರಿನ ಗಾಳಿ ಎಳೆದು ಸೀಲ್ ಹಾಕೋದು, ಬೇಕಾಗೋದು. ಪುಡಿ ಪೂರ್ತಿ ಆರಿಸಿಕೊಂಡೇ ಹೋಗಿ. ಬಿಸಿ ಇದ್ದಾಗ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತೆ. ಕಾಲು ಕೆಜಿಗೊಂದು ಪೊಟ್ಟಣ ಮಾಡಿಸಿ, ಒಂದು ಬಿಚ್ಚಿದರೂ ಉಳಿದವು ಭದ್ರ. ಸೀಲ್ ಬೀಳೋ ಜಾಗದಲ್ಲಿ ಒಂದು ಚಿಟಿಕೆ ಪುಡಿ ಅಂಟಿದ್ದರೂ ಗಾಳಿ ನುಸುಳುತ್ತೆ. ಇಲ್ಲಿನ ಹುಡುಗ ಒಣಬಟ್ಟೆಯಲ್ಲಿ ಅಂಚು ಒರೆಸಿ ಎರಡು ಗೆರೆ ಸೀಲ್ ಹಾಕ್ತಾನೆ. ಅಷ್ಟಕ್ಕೇ ಮೆಚ್ಚಬೇಕು.

ಕೊಬ್ಬರಿ ಹಾಕಿದ ಚಟ್ನಿಪುಡಿ ಮಾತ್ರ ಹೇಗೆ ಕಟ್ಟಿದರೂ ಹೆಚ್ಚು ದಿನ ತಡೆಯೋಲ್ಲ, ಎಣ್ಣೆ ಕಮಟಾಗುತ್ತೆ. ಬಿಚ್ಚಿದ ಮೇಲೆ ಫ್ರಿಜ್ಜಿಗೇ ಹೋಗಬೇಕು.

ತಕರಾರು ಒಂದಿದೆ: ಏನು ಕೊಟ್ಟರೂ ಮೆಷಿನ್ನಿಗೆ ಹಾಕಿಬಿಡ್ತಾರೆ. ಗಾಳಿ ಎಳೆದಾಗ ಕೋಡುಬಳೆ, ಚಕ್ಕುಲಿ ಪುಡಿಪುಡಿ. ಸಂಡಿಗೆಯ ಚೂಪು ಅಂಚಿಗೆ ಕವರ್ ತೂತು. ಮೆತ್ತನೆ ಮೈಸೂರ್ ಪಾಕ್ ಅಪ್ಪಚ್ಚಿಯಾಗಿ ತುಪ್ಪ ಉಕ್ಕಿ ಸೀಲೇ ಕೂರೋಲ್ಲ. ಇವಕ್ಕೆಲ್ಲ ಗಟ್ಟಿ ಡಬ್ಬಿಯೇ ಸರಿ, ಗಾಳಿ ಎಳೀಬೇಡಿ, ಬರೀ ಸೀಲ್ ಹಾಕಿ ಸಾಕು ಅಂತ ನೀವೇ ಬಾಯಿಬಿಟ್ಟು ಹೇಳಬೇಕು.